ಮೋಟರಿಗೆ ದೀರ್ಘಾಯುಷ್ಯ, ಉಳಿದದ್ದು ದೈವೇಚ್ಛೆ

ನಮ್ಮ ವಾಷಿಂಗ್ ಮಷೀನಿನ ಎದೆಯ ಮೇಲೆ ಒಂದು ಬಿರುದು ಅಂಟಿಸಿದ್ದಾರೆ: 'ಮೋಟರಿಗೆ 10 ವರ್ಷ ವಾರಂಟಿ'. ಅದರಲ್ಲಿ '10' ಅಂಗೈಯಗಲ ಇದೆ. 'ಮೋಟರಿಗೆ' ಎಂಬುದನ್ನು ಓದಲು ಕನ್ನಡಕ ಬೇಕು. ಕೊಂಡ ದಿನ ನಾನು ಕನ್ನಡಕ ಮರೆತು ಹೋಗಿದ್ದೆ.

ಆರನೇ ವರ್ಷಕ್ಕೆ ಅದು ಬಟ್ಟೆ ಹಿಂಡುವ ಹೊತ್ತಿನಲ್ಲಿ ಗೊರಗೊರ ಎನ್ನತೊಡಗಿತು. ಮೊದಲ ವಾರ ಬರೀ ಗೊರಕೆ. ಎರಡನೇ ವಾರ ಹಿಟ್ಟಿನ ಗಿರಣಿ. ತಿಂಗಳು ತುಂಬುವಷ್ಟರಲ್ಲಿ ಮನೆಯೊಳಗೇ ವಿಮಾನ ಏರುವ ಸದ್ದು. ಬಾಗಿಲು ತೆಗೆದು ಡ್ರಮ್ಮಿನ ಅಂಚು ಹಿಡಿದು ಮೇಲಕ್ಕೆತ್ತಿದರೆ ಲಟಕ್ ಲಟಕ್ ಎಂದು ಅಲುಗುತ್ತಿತ್ತು. ಬೇರಿಂಗ್ ಹೋಗಿದೆ ಎನ್ನಲು ಇನ್ನಾವ ಪರೀಕ್ಷೆಯೂ ಬೇಕಿಲ್ಲ. ಡ್ರಮ್ಮಿನ ಹಿಂದಿನ ಶಾಫ್ಟಿಗೆ ಒಂದು ರಬ್ಬರ್ ಸೀಲ್, ಅದರ ಹಿಂದೆ ಎರಡು ಬೇರಿಂಗ್. ಸೀಲ್ ಸವೆದರೆ ನೀರು ನುಸುಳುತ್ತದೆ, ಗ್ರೀಸ್ ತೊಳೆದುಹೋಗುತ್ತದೆ, ಉಕ್ಕಿನ ಗುಂಡುಗಳು ತುಕ್ಕು ಹಿಡಿಯುತ್ತವೆ. ಕತೆ ಇಷ್ಟೇ.

ಕಂಪನಿಗೆ ಫೋನ್ ಮಾಡಿದೆ. 'ನಿಮ್ಮ ಕರೆ ನಮಗೆ ಅಮೂಲ್ಯ' ಎಂಬ ಮಾತನ್ನು ಇಪ್ಪತ್ತು ನಿಮಿಷ ಕೇಳಿಸಿಕೊಂಡ ಮೇಲೆ ಒಂದು ಹೆಣ್ಣುದನಿ ಬಂತು.

"ಸರ್, ಪ್ಲಗ್ ತೆಗೆದು ಹಾಕಿ ನೋಡಿದ್ರಾ?"

"ಬೇರಿಂಗ್ ಹೋಗಿದೆಯಮ್ಮಾ."

"ಅರ್ಥ ಆಯ್ತು ಸರ್. ಪ್ಲಗ್ ತೆಗೆದು ಐದು ನಿಮಿಷ ಬಿಟ್ಟು ಹಾಕಿ."

ತುಕ್ಕು ಹಿಡಿದ ಉಕ್ಕಿಗೂ ಐದು ನಿಮಿಷ ವಿಶ್ರಾಂತಿ ಕೊಟ್ಟರೆ ಮನಸ್ಸು ಬದಲಾಗಬಹುದು ಎಂಬ ನಂಬಿಕೆ ಆ ಹುಡುಗಿಯದಲ್ಲ, ಅವಳ ಮುಂದಿದ್ದ ಹಾಳೆಯದು. ಬಿಟ್ಟು ಹಾಕಿದೆ. ವಿಮಾನ ಮತ್ತೆ ಏರಿತು.

ಮೂರನೇ ದಿನ ಟೆಕ್ನಿಷಿಯನ್ ಬಂದ. ಬೆನ್ನಿಗೆ ಚೀಲ, ಕೈಯಲ್ಲಿ ಮೊಬೈಲು. ಚೀಲ ಬಿಚ್ಚುವ ಪ್ರಸಂಗವೇ ಬರಲಿಲ್ಲ. ಡ್ರಮ್ಮನ್ನು ಒಮ್ಮೆ ಅಲುಗಿಸಿ, ಮೊಬೈಲಿನಲ್ಲಿ ಏನೋ ಒತ್ತಿ, ಸಾವಿನ ಸುದ್ದಿ ಹೇಳುವ ಡಾಕ್ಟರರಂತೆ ದನಿ ತಗ್ಗಿಸಿದ.

"ಟಬ್ ಅಸೆಂಬ್ಲಿ ಚೇಂಜ್ ಮಾಡ್ಬೇಕು ಸರ್."

"ಬೇರಿಂಗ್ ಮಾತ್ರ ಹಾಕೋಕಾಗಲ್ವಾ?"

"ಬಿಡಿಯಾಗಿ ಬರಲ್ಲ ಸರ್. ಟಬ್ ಸೀಲ್ಡು."

ಹಿಂದೆ ಡ್ರಮ್ಮಿನ ಹೊರಗಿನ ಪ್ಲಾಸ್ಟಿಕ್ ಟಬ್ಬು ಎರಡು ಹೋಳಾಗಿರುತ್ತಿತ್ತು. ಸುತ್ತ ಸ್ಕ್ರೂ ಬಿಗಿದಿರುತ್ತಿದ್ದರು. ಬಿಚ್ಚು, ಬೇರಿಂಗ್ ಬದಲಿಸು, ಬಿಗಿ. ಈಗ ಎಷ್ಟೋ ಮಷೀನುಗಳಲ್ಲಿ ಆ ಎರಡು ಹೋಳನ್ನು ಕಾಯಿಸಿ ಒಂದಕ್ಕೊಂದು ಬೆಸೆದುಬಿಟ್ಟಿರುತ್ತಾರೆ. ಹಾಗಾಗಿ ಬೇರಿಂಗ್ ಹೋದರೆ ಟಬ್ಬು, ಡ್ರಮ್ಮು, ಶಾಫ್ಟು ಎಲ್ಲ ಸೇರಿ ಒಂದೇ ಗಂಟು. ಹಲ್ಲು ಹುಳುಕಾದರೆ ತಲೆಯನ್ನೇ ಬದಲಿಸುವ ದಂತವೈದ್ಯ. ಅವನು ಹೇಳಿದ ಮೊತ್ತ ಹೊಸ ಮಷೀನಿನ ಬೆಲೆಯ ಮುಕ್ಕಾಲು ಪಾಲಿತ್ತು. ಮೂಗಿಗಿಂತ ಮೂಗುತಿ ಭಾರ ಎನ್ನುವಷ್ಟಿಲ್ಲ, ಮೂಗಿನ ಮುಕ್ಕಾಲು ಪಾಲು ಭಾರ.

"ಮತ್ತೆ ಆ 10 ವರ್ಷದ ವಾರಂಟಿ?"

"ಅದು ಮೋಟರಿಗೆ ಸರ್."

"ಮೋಟರ್ ಹೇಗಿದೆ?"

"ಸೂಪರಾಗಿದೆ ಸರ್!" ಅಂದು ಮೊದಲ ಬಾರಿಗೆ ಅವನ ಮುಖ ಅರಳಿತು.

ಸೂಪರಾಗಿರದೆ ಏನಾದೀತು? ಬ್ರಷ್ ಇಲ್ಲದ ಮೋಟರದು. ತಾಮ್ರದ ಸುರುಳಿ, ಅಯಸ್ಕಾಂತ, ತಿಕ್ಕಿ ಸವೆಯಲು ಕಾರ್ಬನ್ ತುಂಡೂ ಇಲ್ಲ. ಇಡೀ ಮಷೀನಿನಲ್ಲಿ ಕೆಡುವ ಮನಸ್ಸೇ ಇಲ್ಲದ ಭಾಗವನ್ನು ಹುಡುಕಿ ಅದಕ್ಕೇ ವಾರಂಟಿ ಕೊಟ್ಟಿದ್ದಾರೆ. ಕೆಡುವ ಚಟ ಇರುವವು ಬೇರೆ: ಬೇರಿಂಗು, ಬಾಗಿಲ ಲಾಕು, ನೀರು ಹೊರಹಾಕುವ ಪಂಪು, ನೀರು ಬಿಡುವ ವಾಲ್ವು, ಎಲ್ಲವನ್ನೂ ನಡೆಸುವ ಎಲೆಕ್ಟ್ರಾನಿಕ್ ಬೋರ್ಡು. ಅವುಗಳ ವಾರಂಟಿ ತೀರಿ ಎಷ್ಟೋ ಕಾಲವಾಯಿತು. ನನ್ನದೊಂದು ಸಲಹೆ ಇದೆ. ಹಿಂಡುವಾಗ ಮಷೀನ್ ಕುಣಿಯದಿರಲೆಂದು ಅದರ ಹೊಟ್ಟೆಯೊಳಗೆ ಕಾಂಕ್ರೀಟ್ ದಿಮ್ಮಿ ಕಟ್ಟಿರುತ್ತಾರೆ. ಅದಕ್ಕೆ 100 ವರ್ಷ ವಾರಂಟಿ ಎಂದು ಜಾಹೀರಾತು ಕೊಡಬಹುದಲ್ಲ! ಇಷ್ಟು ದಿನ ಯಾರಿಗೂ ಹೊಳೆಯದಿದ್ದದ್ದೇ ಆಶ್ಚರ್ಯ.

ಬೋರ್ಡಿನ ಮಾತು ಬಂತು. ಕೆಲವು ಮಷೀನುಗಳಲ್ಲಿ ಅದನ್ನು ತೇವದಿಂದ ಕಾಪಾಡಲು ರಾಳದಲ್ಲಿ ಪೂರ್ತಿ ಮುಳುಗಿಸಿರುತ್ತಾರೆ. ಕಾಪಾಡುತ್ತದೆ, ಸುಳ್ಳಲ್ಲ. ತೇವವೂ ಒಳಹೋಗದು, ರಿಪೇರಿಯವನ ಬೆಸುಗೆ ಕಡ್ಡಿಯೂ ಒಳಹೋಗದು. ಸ್ವಿಚ್ಚಿನ ಕೆಲಸ ಮಾಡುವ, ಉಗುರಿನಷ್ಟಗಲದ ಒಂದು ರಿಲೇ ಸತ್ತರೆ ಇಡೀ ಬೋರ್ಡಿಗೆ ಸಹಗಮನ. ಇನ್ನು ಕೆಲವು ಮಷೀನುಗಳಿಗೆ ಮಾತೂ ಬರುತ್ತದೆ. ಫೋನನ್ನು ಮೈಗೆ ಹಿಡಿದರೆ ಕುಯ್ ಕುಯ್ ಎಂದು ತಮ್ಮ ಕಾಯಿಲೆ ಹೇಳಿಕೊಳ್ಳುತ್ತವೆ. ಆ ಕುಯ್‌ಗುಡಿಕೆ ಅರ್ಥವಾಗುವುದು ಕಂಪನಿಗೆ ಮಾತ್ರ. ರೋಗಿ ನಮ್ಮವನು, ಬಿಲ್ಲು ನಮ್ಮದು, ಭಾಷೆ ಅವರದು.

ನಾವೂ ಸಾಚಾಗಳೇನಲ್ಲ. ಮುಂಭಾಗದ ಕೆಳಮೂಲೆಯಲ್ಲಿ ಒಂದು ಪುಟ್ಟ ಮುಚ್ಚಳವಿದೆ, ಅದರೊಳಗೆ ಪಂಪಿನ ಫಿಲ್ಟರ್ ಇದೆ, ಆಗಾಗ ಬಿಚ್ಚಿ ತೊಳೆಯಬೇಕು ಎಂಬುದು ನನಗೆ ಗೊತ್ತಾದದ್ದು ನಾಲ್ಕನೇ ವರ್ಷದಲ್ಲಿ. ಅಂದು ಅದರಲ್ಲಿ ಎರಡು ನಾಣ್ಯ, ಒಂದು ಹೇರ್‌ಪಿನ್ನು, ಕಳೆದುಹೋಯಿತೆಂದು ಜಗಳವಾಡಿದ್ದ ಒಂದು ಕಿವಿಯೋಲೆ ಸಿಕ್ಕವು. ಸೋಪಿನ ಪುಡಿಯನ್ನು ಕೈಗೆ ಬಂದಷ್ಟು ಸುರಿಯುತ್ತೇವೆ. ನೊರೆ ಹೆಚ್ಚಾದರೆ ಬಟ್ಟೆ ಹೆಚ್ಚು ಬೆಳ್ಳಗಾಗುತ್ತದೆಂಬ ನಂಬಿಕೆ ಯಾವ ಪದವಿಗೂ ಬಗ್ಗಿಲ್ಲ. ಸಾಗಾಟದಲ್ಲಿ ಡ್ರಮ್ ಅಲುಗದಿರಲೆಂದು ಹಿಂದೆ ಬಿಗಿದಿರುವ ಬೋಲ್ಟುಗಳನ್ನು ತೆಗೆಯದೇ ಮಷೀನ್ ಓಡಿಸಿ, ಅದು ಬಚ್ಚಲಿನಿಂದ ನಡುಮನೆಗೆ ನಡೆದುಬಂತೆಂದು ದೂರಿದವರೂ ನನ್ನ ನೆಂಟರಲ್ಲಿದ್ದಾರೆ. ಕೈಪಿಡಿಯಲ್ಲಿ ಇದೆಲ್ಲ ಇದೆ. 'ಮಕ್ಕಳನ್ನು ಯಂತ್ರದೊಳಗೆ ಕೂರಿಸಬೇಡಿ' ಎಂಬಂಥ ಮೂವತ್ತು ಎಚ್ಚರಿಕೆಗಳ ಕೊನೆಗೆ ಇದೆ. ಅಷ್ಟು ಹೊತ್ತಿಗೆ ಓದುವವನು ಮಲಗಿರುತ್ತಾನೆ.

ಬಟ್ಟೆ ಒಣಗಿಸುವ ಡ್ರೈಯರಿನದು ಇನ್ನೂ ಚಿಕ್ಕ ಕತೆ. ಬಟ್ಟೆಯ ನಾರುಧೂಳು ಬಿಸಿಗಾಳಿ ಹೊರಹೋಗುವ ಕೊಳವೆಯಲ್ಲಿ ಕಟ್ಟಿಕೊಳ್ಳುತ್ತದೆ, ಒಳಗೆ ಕಾವೇರುತ್ತದೆ, ಬೆಂಕಿ ಹತ್ತದಿರಲೆಂದು ಥರ್ಮಲ್ ಫ್ಯೂಸ್ ತನ್ನ ಪ್ರಾಣ ಕೊಡುತ್ತದೆ. ಬಂದವನು ಫ್ಯೂಸ್ ಬದಲಿಸಿ ಹೋಗುತ್ತಾನೆ, ಕೊಳವೆಯತ್ತ ತಿರುಗಿಯೂ ನೋಡುವುದಿಲ್ಲ. ಕೆಲವು ವಾರಕ್ಕೆ ಇನ್ನೊಂದು ಫ್ಯೂಸು ಹುತಾತ್ಮ.

ಕಾನೂನು ಇಲ್ಲವೇ ಎನ್ನುತ್ತೀರಿ. ಐರೋಪ್ಯ ಒಕ್ಕೂಟ 2021ರ ಮಾರ್ಚ್ 1ರಿಂದ ಒಂದು ನಿಯಮ ಜಾರಿಗೆ ತಂದಿದೆ. ಒಂದು ಮಾದರಿಯ ಕೊನೆಯ ವಾಷಿಂಗ್ ಮಷೀನ್ ಮಾರುಕಟ್ಟೆಗೆ ಬಂದ ಮೇಲೂ 10 ವರ್ಷ ಅದರ ಬಿಡಿಭಾಗ ಸಿಗಬೇಕು. ಕೇಳಿದ 15 ಕೆಲಸದ ದಿನಗಳೊಳಗೆ ತಲುಪಿಸಬೇಕು. ಎಲ್ಲರ ಬಳಿ ಇರುವ ಹತಾರಗಳಿಂದ, ಯಂತ್ರಕ್ಕೆ ಊನವಾಗದಂತೆ ಬದಲಿಸುವ ಹಾಗಿರಬೇಕು. ಓದುತ್ತಾ ಹೋದಂತೆ ಕಣ್ಣು ತುಂಬಿ ಬರುತ್ತದೆ. ಆಮೇಲೆ ಎರಡು ಪಟ್ಟಿ ಬರುತ್ತವೆ. ಒಂದು ವೃತ್ತಿಪರ ರಿಪೇರಿಯವರಿಗೆ: ಮೋಟರು, ಪಂಪು, ಶಾಕ್ ಅಬ್ಸಾರ್ಬರು, ಹೀಟರು, ಬೋರ್ಡು. ಇನ್ನೊಂದು ನನ್ನ ನಿಮ್ಮಂಥವರಿಗೆ: ಬಾಗಿಲು, ಅದರ ಕೀಲು, ರಬ್ಬರು, ಲಾಕು, ಸೋಪಿನ ಡಬ್ಬಿ. ಅಂದರೆ ಮಷೀನ್ ಕೆಟ್ಟು ನಿಂತರೂ ಸೋಪಿನ ಡಬ್ಬಿ ಬದಲಿಸುವ ನಿಮ್ಮ ಹಕ್ಕನ್ನು ಯಾರೂ ಕಸಿದುಕೊಳ್ಳುವಂತಿಲ್ಲ.

ಬೇರಿಂಗ್ ಎಲ್ಲಿದೆ ಎಂದು ಹುಡುಕಿದೆ. ಇದೆ. ಡ್ರಮ್, ಅದನ್ನು ಶಾಫ್ಟಿಗೆ ಜೋಡಿಸುವ ಸ್ಪೈಡರ್, ಅದಕ್ಕೆ ಸಂಬಂಧಿಸಿದ ಬೇರಿಂಗ್, 'ಬಿಡಿಯಾಗಿ ಅಥವಾ ಒಟ್ಟಾಗಿ' ಎಂದಿದೆ, ಕಂಸದೊಳಗೆ. ಆ ಕಂಸದ ಸಂದಿಯಲ್ಲಿ ಟಬ್ ಅಸೆಂಬ್ಲಿಗಳು ಆನೆಯ ಹಿಂಡಿನಂತೆ ನಡೆದುಹೋಗಿವೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದನ್ನು ಕಾನೂನಿನ ಭಾಷೆಗೆ ತಂದರೆ 'ಅಥವಾ ಒಟ್ಟಾಗಿ' ಎಂದಾಗುತ್ತದೆ. 2024ರಲ್ಲಿ ಇನ್ನೊಂದು ನಿರ್ದೇಶನವೂ ಬಂದಿದೆ, 2026ರ ಜುಲೈ 31ರಿಂದ ಅನ್ವಯ. ವಾರಂಟಿ ಮುಗಿದ ಮೇಲೂ ತಯಾರಕರು ಸಮಂಜಸ ಬೆಲೆಗೆ ರಿಪೇರಿ ಮಾಡಿಕೊಡಬೇಕಂತೆ. ಮುಕ್ಕಾಲು ಪಾಲೂ ಸಮಂಜಸವೇ ಎಂದು ವಾದಿಸುವ ವಕೀಲರು ಈಗಾಗಲೇ ಕೋಟು ಇಸ್ತ್ರಿ ಮಾಡಿಸುತ್ತಿರಬಹುದು. ಅವರ ಮನೆಯ ಮಷೀನಾದರೂ ಸರಿಯಿರಲಿ.

ಕೊನೆಗೆ ಯಾರೋ ಹೇಳಿದ ಒಬ್ಬ ವಯಸ್ಸಾದ ಮೆಕ್ಯಾನಿಕ್ಕರನ್ನು ಕರೆತಂದೆ. ಅವರ ಚೀಲ ಬಂದ ಕೂಡಲೇ ಬಿಚ್ಚಿಕೊಂಡಿತು. ಟಬ್ಬನ್ನು ಹೊರಗೆಳೆದು ಮಗುಚಿ ಹಾಕಿದರು. ಬೆಸೆದ ಅಂಚಿನುದ್ದಕ್ಕೂ ಮೊದಲು ಡ್ರಿಲ್ಲಿನಿಂದ ತೂತು ಕೊರೆದರು.

"ಇದ್ಯಾಕೆ ಯಜಮಾನ್ರೇ?"

"ಕುಯ್ದ ಮೇಲೆ ತೂತು ಹಾಕಿದ್ರೆ ಎರಡು ಹೋಳು ಕೂಡಲ್ಲ ಸ್ವಾಮಿ. ಮೊದ್ಲು ತೂತು, ಆಮೇಲೆ ಗರಗಸ. ಇನ್ನು ಮೇಲೆ ಇದಕ್ಕೂ ಬಿಚ್ಚಿಕೊಳ್ಳೋ ಬುದ್ಧಿ ಬರುತ್ತೆ."

ಹ್ಯಾಕ್ಸಾ ಬ್ಲೇಡ್ ಹಿಡಿದು ಸುತ್ತಲೂ ಕೊಯ್ದರು. ಅರ್ಧ ದಿನ ಬೇಕಾಯಿತು. ಒಳಗಿನ ಬೇರಿಂಗನ್ನು ಬಡಿದು ಹೊರತೆಗೆದು, ತುಕ್ಕು ಉಜ್ಜಿ, ಅದರ ಮೈಮೇಲಿನ ನಂಬರು ತೋರಿಸಿದರು: 6205. ಇನ್ನೊಂದು 6206. ಈ ನಂಬರಿಗೊಂದು ಅಳತೆ ನಿಗದಿಯಾಗಿದೆ. 6205 ಎಂದರೆ ಒಳರಂಧ್ರ 25 ಮಿಲಿಮೀಟರ್, ಹೊರವ್ಯಾಸ 52, ದಪ್ಪ 15. ಯಾರು ಮಾಡಿದರೂ ಅಷ್ಟೇ, ಎಲ್ಲಿ ಕೊಂಡರೂ ಅಷ್ಟೇ. ಬಿಡಿಯಾಗಿ ಬರುವುದೇ ಇಲ್ಲ ಎಂದಿದ್ದ ಆ ಭಾಗ ಬೇರಿಂಗ್ ಅಂಗಡಿಯ ಗಾಜಿನ ಕಪಾಟಿನಲ್ಲಿ ಸಾಲಾಗಿ ಕೂತಿತ್ತು. ಹೊಸ ಸೀಲಿಗೆ ಗ್ರೀಸ್ ಸವರಿ ಕೂರಿಸಿ, ಅಂಚಿಗೆ ಸಿಲಿಕೋನ್ ಬಳಿದು, ತೂತಿಗೊಂದರಂತೆ ನಟ್ಟು ಬೋಲ್ಟು ಹಾಕಿ ಬಿಗಿದು, "ನಾಳೆ ತನಕ ನೀರು ಸೋಕಿಸಬೇಡಿ" ಎಂದು ಹೇಳಿ ಹೋದರು. ಮೂರನೇ ದಿನ ಓಡಿಸಿದರೆ ವಿಮಾನವೂ ಇಲ್ಲ, ಗಿರಣಿಯೂ ಇಲ್ಲ. ಮನೆಯಲ್ಲಿ ಎಲ್ಲರೂ ಮಷೀನ್ ನಿಂತಿದೆಯೆಂದೇ ತಿಳಿದಿದ್ದರು.

ವಾರದ ನಂತರ ಕಂಪನಿಯಿಂದ ಫೋನು. ಟೆಕ್ನಿಷಿಯನ್ ಭೇಟಿಗೆ ಐದರಲ್ಲಿ ಎಷ್ಟು ಸ್ಟಾರ್ ಕೊಡುತ್ತೀರಿ ಎಂದರು. ನಾನು ಖುಷಿಯಲ್ಲಿದ್ದೆ. ಕೇಳದಿದ್ದರೂ ಟಬ್ಬು ಕೊಯ್ಸಿದ ಕತೆಯನ್ನೆಲ್ಲ ಹೇಳಿಬಿಟ್ಟೆ. ಆ ಕಡೆ ಸ್ವಲ್ಪ ಹೊತ್ತು ಕೀಲಿಮಣೆಯ ಸದ್ದು.

"ಸರ್, ಅನಧಿಕೃತ ವ್ಯಕ್ತಿಯಿಂದ ಮಷೀನ್ ಬಿಚ್ಚಿಸಿರೋದ್ರಿಂದ ನಿಮ್ಮ ಮೋಟರಿನ ವಾರಂಟಿ ರದ್ದಾಗಿದೆ."

ಅದಾಗಿ ಎರಡು ವರ್ಷವಾಯಿತು. ಮೋಟರು ಎಂದಿನಂತೆ ತಿರುಗುತ್ತಲೇ ಇದೆ. ತನ್ನ ವಾರಂಟಿ ಹೋಗಿರುವುದನ್ನು ಅದಕ್ಕೆ ಇನ್ನೂ ಯಾರೂ ತಿಳಿಸಿದಂತಿಲ್ಲ.