ನೇತ್ರಾಣಿಗೆ ಹೊರಡೋ ಮುಂಚೆ ಊರಲ್ಲೇ ಮಾಸ್ಕ್ ಹಾಕಿ ನೋಡಿ

ಮಳೆಗಾಲ ಮುಗಿದು ಮುರುಡೇಶ್ವರದಲ್ಲಿ ಬೋಟುಗಳು ಶುರುವಾದವು ಅಂದರೆ ನಮ್ಮ ದಾವಣಗೆರೆ ವಾಟ್ಸಾಪ್ ಗ್ರೂಪುಗಳಲ್ಲಿ ನೇತ್ರಾಣಿ ದ್ವೀಪದ ಟ್ರಿಪ್ಪಿನ ಮಾತು ಏಳುತ್ತದೆ. ಟಿಟಿ ಬಾಡಿಗೆ ಎಷ್ಟು, ರೂಮ್ ಎಲ್ಲಿ, ಮೀನೂಟ ಯಾವ ಹೋಟೆಲಲ್ಲಿ ಚೆನ್ನಾಗಿರುತ್ತೆ, ಎಲ್ಲಾ ಚರ್ಚೆ ಆಗುತ್ತದೆ. ನೀರಿಗೆ ಇಳಿದ ಮೇಲೆ ಏನು ಮಾಡಬೇಕು ಅಂತ ಒಬ್ಬರೂ ಕೇಳೋದಿಲ್ಲ.

ಹೋಗಿ, ಖಂಡಿತ ಹೋಗಿ. ದಡದಿಂದ ಸುಮಾರು 19 ಕಿಲೋಮೀಟರ್ ದೂರದ ಆ ದ್ವೀಪದ ಹತ್ತಿರ ಮುಖ ನೀರಿಗೆ ಹಿಡಿದರೆ ಸಾಕು, ಹವಳ, ಬಣ್ಣಬಣ್ಣದ ಮೀನು ಕಣ್ಣೆದುರೇ ಓಡಾಡುತ್ತವೆ. ಆದರೆ ಜೀವನದಲ್ಲಿ ಮೊದಲ ಸಲ ಸ್ನಾರ್ಕಲ್, ಅಂದರೆ ಮುಖ ನೀರಲ್ಲಿಟ್ಟುಕೊಂಡೇ ಉಸಿರಾಡೋ ಪೈಪು, ಬಾಯಿಗಿಡೋ ಜಾಗ ಅದಾಗಬಾರದು. ಊರಿನ ಈಜುಕೊಳದಲ್ಲಿ, ಸೊಂಟದ ಮಟ್ಟದ ನೀರಲ್ಲಿ ಅರ್ಧ ಗಂಟೆ ಅಭ್ಯಾಸ ಮಾಡಿಕೊಂಡೇ ಹೊರಡಬೇಕು.

"ನಂಗೆ ಈಜು ಬರುತ್ತೆ ಬಿಡಣ್ಣ" ಅನ್ನೋರಿಗೇ ಇದನ್ನ ಜಾಸ್ತಿ ಹೇಳಬೇಕು. ನಮ್ಮ ಕಡೆ ಹುಡುಗರು ಈಜು ಕಲಿಯೋದು ಬಾವಿಯಲ್ಲಿ, ಭದ್ರಾ ಚಾನೆಲ್‌ನಲ್ಲಿ. ಆದರೆ ಸ್ನಾರ್ಕಲಿಂಗ್‌ನಲ್ಲಿ ಕಣ್ಣು, ಮೂಗು ಮುಚ್ಚೋ ಮಾಸ್ಕ್ ಹಾಕೋದರಿಂದ ಮೂಗು ಪೂರ್ತಿ ಬಂದ್, ಉಸಿರೆಲ್ಲಾ ಬಾಯಲ್ಲೇ. ಮುಖ ಮುಳುಗಿದ ತಕ್ಷಣ ಹೊಸಬರಿಗೆ ಉಸಿರು ಜೋರಾಗುತ್ತದೆ, ಪೈಪಿಗೆ ಒಂದು ಗುಟುಕು ಉಪ್ಪುನೀರು ನುಗ್ಗುತ್ತದೆ, ಗಾಬರಿಯಲ್ಲಿ ಮಾಸ್ಕ್ ಕಿತ್ತುಹಾಕುತ್ತಾರೆ, ಆಮೇಲೆ ಮೂಗಿಗೂ ನೀರು. ಈಜುಕೊಳದಲ್ಲಾದರೆ ಎದ್ದು ನಿಂತರೆ ಮುಗೀತು. ನೇತ್ರಾಣಿಯಲ್ಲಿ ಕಾಲಿಗೆ ನೆಲ ಸಿಗೋದಿಲ್ಲ.

ಕಲಿಯೋದೇನೂ ದೊಡ್ಡದಲ್ಲ. ಬೆಲ್ಟ್ ಹಾಕದೆ ಮಾಸ್ಕನ್ನು ಮುಖಕ್ಕೆ ಒತ್ತಿ ಮೂಗಲ್ಲಿ ಉಸಿರು ಎಳೆಯಿರಿ, ಕೈ ಬಿಟ್ಟರೂ ಅಂಟಿಕೊಂಡು ನಿಂತರೆ ಅದು ನಿಮ್ಮ ಅಳತೆ. ಅಂಚಿನ ಕೆಳಗೆ ಕೂದಲು ಸಿಕ್ಕಿದ್ದರೆ ನೀರು ಒಸರುತ್ತದೆ. ದಪ್ಪ ಮೀಸೆ ಇದ್ದರೂ ಅಷ್ಟೇ, ಮೂಗಿನ ಕೆಳಗೆ ಒಂಚೂರು ಟ್ರಿಮ್ ಮಾಡಿಸಿ. ಪೈಪಲ್ಲಿ ನೀರು ಬಂದರೆ ಫೂ ಅಂತ ಜೋರಾಗಿ ಊದಬೇಕು, ಮೇಲಿಂದ ಚಿಮ್ಮಿ ಹೋಗುತ್ತದೆ. ಅದು ಅಭ್ಯಾಸ ಆಗೋವರೆಗೂ ಊದಿ.

ಹವಾಯಿಯಲ್ಲಿ ಹನೌಮಾ ಬೇ ಅಂತ ಹೆಸರಾಂತ ಸ್ನಾರ್ಕಲಿಂಗ್ ಬೀಚ್ ಇದೆ. ಅಲ್ಲಿ ಕೆಳಗಿಳಿಯೋ ಮುಂಚೆ ಪ್ರವಾಸಿಗರಿಗೆಲ್ಲಾ 9 ನಿಮಿಷದ ವಿಡಿಯೋ ತೋರಿಸುತ್ತಾರೆ, ಹವಳ ತುಳಿಯಬೇಡಿ, ನೀರಲ್ಲಿ ಹೀಗಿರಿ ಅಂತ. ನಮ್ಮಲ್ಲಿ ಎಷ್ಟೋ ಕಡೆ ಒಂದು ಫಾರ್ಮಿಗೆ ಸೈನ್ ಹಾಕಿಸಿಕೊಂಡು ಲೈಫ್ ಜಾಕೆಟ್ ಕೊಟ್ಟರೆ ಮುಗೀತು. ಅದೇ ಹವಾಯಿಯಲ್ಲಿ ನೀರಲ್ಲಿ ಮುಳುಗಿ ಸಾಯೋ ಪ್ರವಾಸಿಗರಲ್ಲಿ ಸ್ನಾರ್ಕಲಿಂಗ್ ಮಾಡುತ್ತಿದ್ದವರೇ ಜಾಸ್ತಿ. ಕೂಗಾಟ ಇರೋದಿಲ್ಲ, ಕೈ ಬೀಸೋದಿಲ್ಲ. ಮೀನು ನೋಡುತ್ತಾ ತೇಲುತ್ತಿರೋರೂ ಪ್ರಜ್ಞೆ ತಪ್ಪಿದೋರೂ ಬೋಟಿನಿಂದ ನೋಡಿದರೆ ಒಂದೇ ಥರ ಕಾಣುತ್ತಾರೆ. ಅದಕ್ಕೇ ಇಬ್ಬಿಬ್ಬರು ಜೋಡಿ ಮಾಡಿಕೊಳ್ಳಿ, ಆಗಾಗ ತಲೆ ಎತ್ತಿ ಇನ್ನೊಬ್ಬರ ಮುಖ ನೋಡಿ.

ಇನ್ನೊಂದು ವಿಷಯಕ್ಕೆ ನನಗೆ ನಿಜವಾಗಲೂ ಸಿಟ್ಟು ಬರುತ್ತೆ. ರಾತ್ರಿ ಊಟ ಮುಗಿಸಿ ಇಲ್ಲಿಂದ ಟಿಟಿ ಹತ್ತಿ, ಶಿವಮೊಗ್ಗ, ಸಾಗರ, ಹೊನ್ನಾವರ ಅಂತ ಘಾಟಿ ಇಳಿದು, ದಾರಿಯುದ್ದಕ್ಕೂ ಹಾಡು, ಕೆಲವರಿಗೆ ಎಣ್ಣೆ ಬೇರೆ, ನಿದ್ದೆ ಇಲ್ಲದ ಕಣ್ಣಲ್ಲೇ ಬೆಳಗ್ಗೆ ಬೋಟ್ ಹತ್ತೋದು. ಗುಂಪಲ್ಲಿ ಬಿಪಿ, ಆಸ್ತಮಾ, ಹಾರ್ಟ್ ತೊಂದರೆ ಇರೋ ಅಣ್ಣಂದಿರೂ ಇರುತ್ತಾರೆ. ಅವರು ಮೊದಲು ಡಾಕ್ಟರನ್ನ ಕೇಳಲಿ. ಉಳಿದವರು ಒಂದು ರಾತ್ರಿ ಮುರುಡೇಶ್ವರದಲ್ಲಿ ಮಲಗಿ, ಬೆಳಗ್ಗೆ ಎರಡು ಇಡ್ಲಿ ತಿಂದು ಹೊರಡಿ. ಬೋಟ್ ಕುಲುಕಾಟಕ್ಕೆ ತುಂಬಿದ ಹೊಟ್ಟೆ ತಡೆಯೋದಿಲ್ಲ.

ಬೀಚಲ್ಲೂ ಹುಷಾರು. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಮುಳಬಾಗಿಲು ಕಡೆಯ ನಾಲ್ಕು ಹೆಣ್ಣುಮಕ್ಕಳು ಇದೇ ಮುರುಡೇಶ್ವರದ ಕಡಲಲ್ಲಿ ಮುಳುಗಿ ತೀರಿಕೊಂಡರು. ನೆನೆಸಿಕೊಂಡರೆ ಈಗಲೂ ಸಂಕಟ. ದಡಕ್ಕೆ ಬಂದ ನೀರು ವಾಪಸ್ ಹೋಗೋಕೆ ಒಂದು ದಾರಿ ಮಾಡಿಕೊಳ್ಳುತ್ತದೆ. ಆ ಜಾಗದಲ್ಲಿ ಅಲೆ ಕಮ್ಮಿ ಒಡೆಯುತ್ತದೆ, ನಮಗೆ ಅದೇ ಸೇಫ್ ಅನಿಸುತ್ತದೆ, ಅಲ್ವಾ? ಸೆಳೆತ ಇರೋದೇ ಅಲ್ಲಿ. ಸಿಕ್ಕಿಕೊಂಡರೆ ದಡದ ಕಡೆಗೆ ಗುದ್ದಾಡಬೇಡಿ. ತೇಲಿ, ಕೈ ಎತ್ತಿ ಕೂಗಿ, ಸಾಧ್ಯವಾದರೆ ದಡದ ಉದ್ದಕ್ಕೆ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಗೆ ಬನ್ನಿ.

ಬೋಟ್ ಬುಕ್ ಮಾಡೋರು ರೇಟಿನ ಜೊತೆ ಇದನ್ನೂ ಕೇಳಿ: ನೀರಲ್ಲಿ ನಮ್ಮ ಜೊತೆ ಎಷ್ಟು ಜನ ಇಳಿಯುತ್ತಾರೆ, ಮೇಲಿಂದ ನೋಡ್ತಾ ಇರೋರು ಯಾರು, ಬೋಟಲ್ಲಿ ಆಕ್ಸಿಜನ್ ಇದೆಯಾ. ಜಾಕೆಟ್ಟಿನ ಬಕಲ್‌ಗಳನ್ನ ನೀವೇ ಎಳೆದು ನೋಡಿ. ಸರಿಯಾದ ಉತ್ತರ ಬರಲಿಲ್ಲ ಅಂದರೆ ಅಡ್ವಾನ್ಸ್ ಹಾಕಬೇಡಿ, ಬೇರೆ ಬೋಟ್ ನೋಡಿ.