'ನೋಮೋಡ್‌ಸೆಟ್' ಹಾಕಿದರೆ ಡ್ರೈವರ್ ಸರಿಹೋಗುವುದಿಲ್ಲ

ಲಿನಕ್ಸ್ ಬೂಟ್ ಆದಮೇಲೆ ಪರದೆ ಕಪ್ಪಾದರೆ ಬೂಟ್ ಮೆನು ತೋರಿಸುವ ಗ್ರಬ್‌ನ ಸೆಟ್ಟಿಂಗ್‌ನಲ್ಲಿ 'ನೋಮೋಡ್‌ಸೆಟ್' (nomodeset) ಎಂಬ ಪದ ಸೇರಿಸಿ, ಗ್ರಾಫಿಕ್ಸ್ ಸಮಸ್ಯೆ ಶಾಶ್ವತವಾಗಿ ಮುಗಿಯುತ್ತದೆ ಎಂಬ ಸಲಹೆ ಹರಿದಾಡುತ್ತಿದೆ. ಅರ್ಧ ಮಾತ್ರ ಸರಿ.

ಇಂಟೆಲ್, ಎಎಂಡಿ ಮತ್ತು ನೂವೋ (ಎನ್‌ವಿಡಿಯಾ ಕಾರ್ಡ್‌ಗಳ ಮುಕ್ತ ಡ್ರೈವರ್) ಡ್ರೈವರ್‌ಗಳು ಕೆಲಸ ಮಾಡುವುದೇ ಕರ್ನಲ್ ಮೋಡ್ ಸೆಟ್ಟಿಂಗ್, ಅಂದರೆ ಪರದೆಯ ರೆಸಲ್ಯೂಷನ್ ಇತ್ಯಾದಿಯನ್ನು ಲಿನಕ್ಸ್‌ನ ತಿರುಳಾದ ಕರ್ನಲ್ಲೇ ಹೊಂದಿಸುವ ವ್ಯವಸ್ಥೆ, ನೆಚ್ಚಿಕೊಂಡು. ಈ ಪದ ಅದನ್ನೇ ನಿಲ್ಲಿಸುತ್ತದೆ. ಪರದೆ ಬೆಳಗುತ್ತದೆ, ನಿಜ. ಆದರೆ ಫರ್ಮ್‌ವೇರ್ (ಮದರ್‌ಬೋರ್ಡಿನೊಳಗಿನ ತಂತ್ರಾಂಶ) ಕೊಟ್ಟ ರೆಸಲ್ಯೂಷನ್ನಿಗೇ ಅಂಟಿಕೊಂಡು, ಚಿತ್ರ ಬಿಡಿಸುವ ಹೊರೆಯೆಲ್ಲ ಸಿಪಿಯು ತಲೆಗೆ. ಎರಡನೇ ಮಾನಿಟರ್ ಸಾಮಾನ್ಯವಾಗಿ ಸಿಗುವುದಿಲ್ಲ, ವಿಡಿಯೊ ತಡವರಿಸುತ್ತದೆ. ಟರ್ಮಿನಲ್‌ನಲ್ಲಿ 'ಜಿಎಲ್ಎಕ್ಸ್ಇನ್ಫೋ' (glxinfo) ಆದೇಶ ಓಡಿಸಿದಾಗ ರೆಂಡರರ್ ಸಾಲಿನಲ್ಲಿ 'ಎಲ್ಎಲ್‌ವಿಎಂಪೈಪ್' (llvmpipe, ಸಿಪಿಯುವಿನಿಂದಲೇ ಚಿತ್ರ ಬಿಡಿಸುವ ತಂತ್ರಾಂಶ) ಎಂದಿದ್ದರೆ ನಿಮ್ಮ ಕಾರ್ಡ್ ಸುಮ್ಮನೆ ಕೂತಿದೆ ಎಂದೇ ತಿಳಿಯಿರಿ.

ಹಾಗಾಗಿ ಅದನ್ನು ಒಂದು ಬೂಟ್‌ಗೆ ಮಾತ್ರ ಬಳಸಿ. ಗ್ರಬ್ ಮೆನುವಿನಲ್ಲಿ 'ಇ' ಒತ್ತಿ, 'ಲಿನಕ್ಸ್' (linux) ಎಂದು ಶುರುವಾಗುವ ಸಾಲಿನ ಕೊನೆಗೆ ಸೇರಿಸಿದರೆ ಸಾಕು, ಮುಂದಿನ ಬೂಟ್‌ಗೆ ಅದು ಉಳಿಯುವುದಿಲ್ಲ. ಒಳಹೊಕ್ಕ ಮೇಲೆ ಕಾರಣ ಹುಡುಕಿ: 'ಜರ್ನಲ್‌ಸಿಟಿಎಲ್' ಆದೇಶ (journalctl -b -1) ಹಿಂದಿನ ಬೂಟ್‌ನ ಲಾಗ್ ತೋರಿಸುತ್ತದೆ. ಎನ್‌ವಿಡಿಯಾ ಕಾರ್ಡ್ ಇದ್ದು, ಕರ್ನಲ್ ಅಪ್‌ಡೇಟ್ ಆದಮೇಲೆ ತೊಂದರೆ ಶುರುವಾಗಿದ್ದರೆ ನನ್ನ ಮೊದಲ ಅನುಮಾನ ಹೊಸ ಕರ್ನಲ್‌ಗೆ ಡ್ರೈವರ್‌ನ ಮಾಡ್ಯೂಲ್ (ಕರ್ನಲ್‌ಗೆ ಸೇರುವ ತುಣುಕು) ಬಿಲ್ಡ್ ಆಗಿಲ್ಲ ಎಂಬುದು. ಬಿಲ್ಡ್‌ಗೆ ಬೇಕಾದ ಕರ್ನಲ್ ಹೆಡರ್ ಪ್ಯಾಕೇಜ್ ಇಲ್ಲದಿದ್ದರೆ ಹೀಗಾಗುತ್ತದೆ. ಸಹಿಯಿಲ್ಲದ ಮಾಡ್ಯೂಲನ್ನು ಸೆಕ್ಯೂರ್ ಬೂಟ್ (ಸಹಿ ಪರೀಕ್ಷಿಸುವ ಭದ್ರತಾ ವ್ಯವಸ್ಥೆ) ತಡೆದಿರಲೂಬಹುದು.

ಡ್ರೈವರ್ ಸರಿಯಾಗಿ ಕೂತ ಮೇಲೂ ಆ ಪದವನ್ನು ಗ್ರಬ್ ಫೈಲಿನಲ್ಲೇ ಮರೆತು, ಲಿನಕ್ಸೇ ನಿಧಾನ ಎಂದು ಬಯ್ಯುವವರಿದ್ದಾರೆ. ಅಲ್ಲಿ ಬರೆದಿಟ್ಟಿದ್ದರೆ ಅಳಿಸಿ, ಗ್ರಬ್ ಅಪ್‌ಡೇಟ್ ಮಾಡಿ, ರೀಬೂಟ್ ಮಾಡಿ.