ಕೂತರೆ ಹತ್ತು, ಎದ್ದರೆ ಎಂಟು

ಟೋಕಿಯೋದಿಂದ ರೈಲಿನಲ್ಲಿ ಒಂದು ಗಂಟೆ ಹೋದರೆ ಕಾಮಾಕುರ. ಅಲ್ಲಿನ ಕೊಮಾಚಿ ಬೀದಿಯ ಒಂದು ಬೇಕರಿಯ ಮುಂದೆ, ರೇಷನ್ ಅಂಗಡಿ ಮುಂದೆ ನಿಂತ ಹಾಗೆ ಅರ್ಧ ಗಂಟೆ ಕ್ಯೂ ನಿಂತೆ. ಜೊತೆಗೆ ಅದೇ ದೇಶದಲ್ಲಿ ಕೆಲಸದಲ್ಲಿರುವ ಅಕ್ಕನ ಮಗ.

ಒಳಗೆ ಕಾಲಿಟ್ಟರೆ ಕೈಗೊಂದು ಟ್ರೇ, ಒಂದು ಇಕ್ಕಳ. ಬೇಕಾದ್ದನ್ನು ನಾವೇ ಎತ್ತಿಕೊಳ್ಳಬೇಕು. ಬ್ರೆಡ್ಡಿಗೆ ಇವರು 'ಪಾನ್' ಅನ್ನುತ್ತಾರೆ. ಅದೂ ನಮ್ಮ ಪಾವ್‌ಭಾಜಿಯ ಪಾವೂ ಒಂದೇ ಪೋರ್ಚುಗೀಸ್ ತಾಯಿಯ ಮಕ್ಕಳು. ನೆಂಟಸ್ತನ ಸಿಕ್ಕ ಖುಷಿಗೆ ಎರಡು ಆನ್‌ಪಾನ್ ಎತ್ತಿದೆ. ಬನ್ನಿನೊಳಗೆ ಕೆಂಪು ಕಾಳಿನ ಸಿಹಿ ಹೂರಣ. ಒಬ್ಬಟ್ಟು ವೇಷ ಹಾಕಿಕೊಂಡು ಬಂದಿದೆ ಅಂದುಕೊಳ್ಳಿ. 1874ರಲ್ಲಿ ಟೋಕಿಯೋದ ಕಿಮುರಾಯಾ ಬೇಕರಿಯವರು ಇದನ್ನು ಮೊದಲು ಮಾಡಿದ್ದು. ಮರುವರ್ಷ ಮೇಜಿ ಚಕ್ರವರ್ತಿಗೂ ಕೊಟ್ಟರು. ಅವನು ಕೂತು ತಿಂದನೋ ನಿಂತು ತಿಂದನೋ, ಆಗ ಯಾರೂ ಕೇಳಿರಲಿಕ್ಕಿಲ್ಲ.

ನನ್ನನ್ನು ಕೇಳಿದರು.

ಆನ್‌ಪಾನ್ ಜೊತೆಗೆ ನೇರಳೆ ಗೆಣಸಿನ ಸಾಫ್ಟ್ ಕ್ರೀಂ ಒಂದು ಹೇಳಿದ್ದೆ. ಕೌಂಟರಿನ ಹುಡುಗಿ ಸೊಂಟ ಬಗ್ಗಿಸಿ ನಮಸ್ಕರಿಸಿ ಏನೋ ಕೇಳಿದಳು.

"ಇಲ್ಲೇ ತಿಂತೀರಾ, ತಗೊಂಡು ಹೋಗ್ತೀರಾ ಅಂತಿದಾಳೆ, ಮಾಮ."

"ಐಸ್‌ಕ್ರೀಂ ಎಲ್ಲಿಗೋ ತಗೊಂಡು ಹೋಗೋದು? ಎಷ್ಟು ಕಾಳಜಿ ನೋಡು ಪಾಪ."

"ಕಾಳಜಿ ಅಲ್ಲ ಮಾಮ, ತೆರಿಗೆ."

ವಿಷಯ ಇಷ್ಟು. 2019ರ ಅಕ್ಟೋಬರ್‌ನಲ್ಲಿ ಜಪಾನ್ ಸರ್ಕಾರ ಬಳಕೆ ತೆರಿಗೆಯನ್ನು 8ರಿಂದ 10 ಪರ್ಸೆಂಟಿಗೆ ಏರಿಸಿತು. ಊಟದ ವಸ್ತುವಿಗೆ ಮಾತ್ರ 8 ಇರಲಿ ಅಂತ ಕರುಣೆ ತೋರಿಸಿತು. ಆದರೆ ಅಂಗಡಿಯಲ್ಲೇ ಕೂತು ತಿಂದರೆ ಅದು ಬರೀ ಊಟವಲ್ಲ, ಸೇವೆ. ಅದಕ್ಕೆ 10. ಅಂದರೆ 400 ಯೆನ್‌ನ ಸಾಫ್ಟ್ ಕ್ರೀಂ ಕೂತರೆ 440, ಎದ್ದರೆ 432. ನಮ್ಮ ನಾಲ್ಕೈದು ರೂಪಾಯಿಯ ವ್ಯತ್ಯಾಸ.

ನಮ್ಮಲ್ಲೂ ಇಂಥದ್ದು ಇತ್ತು ಬಿಡಿ. ಬನ್ನಿಗೆ ತೆರಿಗೆ ಇಲ್ಲ, ಒಳಗೆ ಕ್ರೀಂ ಇಟ್ಟರೆ 18 ಅಂತ ಕೊಯಮತ್ತೂರಿನ ಹೋಟೆಲಿನವರೊಬ್ಬರು 2024ರಲ್ಲಿ ಹಣಕಾಸು ಸಚಿವರ ಮುಂದೆಯೇ ಗೋಳು ತೋಡಿಕೊಂಡಿದ್ದರು. ಆ ಸಚಿವರು ರಾಜ್ಯಸಭೆಗೆ ಹೋದದ್ದು ನಮ್ಮ ಕರ್ನಾಟಕದಿಂದಲೇ. ನಮ್ಮ ತೆರಿಗೆ ಬನ್ನಿನ ಹೊಟ್ಟೆ ಬಗೆದು ನೋಡಿದರೆ, ಇವರದು ತಿನ್ನುವವನ ಕುಂಡಿ ಎಲ್ಲಿದೆ ಅಂತ ನೋಡುತ್ತದೆ.

ನಾನು ಬೆಂಗಳೂರಿನವನು. ದರ್ಶಿನಿಗಳಲ್ಲಿ ನಿಂತೇ ತಿಂದು ಬೆಳೆದ ದೇಹ. ಅಂಗಡಿಯ ಮೂಲೆಯಲ್ಲಿದ್ದ ಎತ್ತರದ ಮೇಜು ತೋರಿಸಿ, ಅಲ್ಲಿ ನಿಂತು ತಿಂತೀನಿ ಅಂದೆ. ಆಗಲ್ಲವಂತೆ. ಮೇಜು ಅಂಗಡಿಯದು, ಹಾಗಾಗಿ ನಿಂತರೂ 10. ಹೊರಗಿನ ಬೆಂಚು? ಅಂಗಡಿಯವರು ಹಾಕಿದ್ದಾದರೆ 10. ಪಾರ್ಕಿನ ಬೆಂಚಾದರೆ 8.

ಇನ್ನೂ ಸೊಗಸು ಕೇಳಿ. ದುಡ್ಡು ಕೊಡುವ ಹೊತ್ತಿಗೆ ನಿಮ್ಮ ಮನಸ್ಸಿನಲ್ಲಿ ಏನಿತ್ತೋ ಅದೇ ಲೆಕ್ಕ. ಪಾರ್ಸೆಲ್ ಅಂತ ಹೇಳಿ, ಆಮೇಲೆ ಮನಸ್ಸು ಬದಲಾಯಿಸಿ ಅಲ್ಲೇ ಕೂತರೆ 8ರ ಬಿಲ್ಲು ಹಾಗೇ ಇರುತ್ತದೆ. ಸುಳ್ಳು ಹೇಳಲು ಬಾರದವನಿಗೆ ಎರಡು ಪರ್ಸೆಂಟ್ ದಂಡ ಅನ್ನಿ. ಹೀಗೆ ಕೂರುವವರಿಗೆ 'ಈಟ್-ಇನ್ ತೆರಿಗೆಗಳ್ಳರು' ಅಂತ ಹೆಸರೂ ಬಿತ್ತು. ಅವರ ಮೇಲೆ ಅಂಗಡಿಯವರಿಗೆ ಚಾಡಿ ಹೇಳುವವರೂ ಹುಟ್ಟಿಕೊಂಡರು. ಐದು ರೂಪಾಯಿಗೆ ಇಷ್ಟು ದೊಡ್ಡ ಗೂಢಚಾರ ಪಡೆ!

ಕೊನೆಗೆ ಪಾರ್ಸೆಲ್ ಅಂದೆ. ಹೊರಗೆ ಬಂದು ಎರಡು ಹೆಜ್ಜೆ ಇಟ್ಟು ನಾಲಿಗೆ ಚಾಚಿದೆನೋ ಇಲ್ಲವೋ, ಹುಡುಗ ತೋಳು ಹಿಡಿದ. ಜನ ತುಂಬಿದ ಬೀದಿಯಲ್ಲಿ ನಡೆಯುತ್ತಾ ತಿನ್ನಬೇಡಿ ಅಂತ ಕಾಮಾಕುರ ನಗರಸಭೆ 2019ರ ಏಪ್ರಿಲ್‌ನಲ್ಲೇ ನಿಯಮ ತಂದಿದೆಯಂತೆ. ದಂಡ ಇಲ್ಲ, ಬರೀ ನಾಚಿಕೆ.

ಕೂರುವ ಹಾಗಿಲ್ಲ, ನಡೆಯುವ ಹಾಗಿಲ್ಲ. ಲೈಟ್ ಕಂಬಕ್ಕೆ ಒರಗಿ, ಮೊಣಕೈವರೆಗೆ ನೇರಳೆ ಬಣ್ಣ ಸುರಿಸಿಕೊಂಡು ತಿಂದು ಮುಗಿಸಿದೆ. ಈ ಊರಿನಲ್ಲಿ ಹನ್ನೊಂದು ಮೀಟರ್ ಎತ್ತರದ ಬುದ್ಧನಿದ್ದಾನೆ. 13ನೇ ಶತಮಾನದಿಂದ ಕೂತೇ ಇದ್ದಾನೆ. ಪುಣ್ಯಕ್ಕೆ ಏನೂ ತಿನ್ನುವುದಿಲ್ಲ.

ಆನ್‌ಪಾನ್ ಆದರೂ ನೆಮ್ಮದಿಯಾಗಿ ತಿನ್ನೋಣ ಅಂತ ಸಮುದ್ರದ ದಡಕ್ಕೆ ಹೋದೆವು. ಮರಳು ಯಾವ ಅಂಗಡಿಯದೂ ಅಲ್ಲ, ಅಲ್ವಾ? ಕಾಲು ಚಾಚಿ ಕೂತೆ. ಪೊಟ್ಟಣ ಬಿಚ್ಚಿದೆ. ಹದ್ದುಗಳಿವೆ ಎಚ್ಚರಿಕೆ ಅನ್ನುವ ಬೋರ್ಡು ಪಕ್ಕದಲ್ಲೇ ಇತ್ತು. ಓದಲು ಬರಬೇಕಲ್ಲ! ಹಿಂದಿನಿಂದ ಬರ್ರನೆ ಗಾಳಿ ಬೀಸಿದ ಹಾಗಾಯಿತು. ಕೈ ನೋಡಿಕೊಂಡರೆ ಬರೀ ಕಾಗದ.

ಆಕಾಶ ನೋಡುತ್ತಾ ಅಕ್ಕನ ಮಗ ಹೇಳಿದ: "ಅದು ನೋಡಿ ಮಾಮ, ನಿಜವಾದ ಪಾರ್ಸೆಲ್."